ಕೊನೆಗಾಲದ ಶುಶ್ರೂಷೆಯಲ್ಲಿ ದಾಂಪತ್ಯ

1967ರಲ್ಲಿ ಲಂಡನ್ನಿನಲ್ಲಿ ಮರಣೋನ್ಮುಖ ರೋಗಿಗಳಿಗಾಗಿ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಯನ್ನು ತೆರೆದ ಸಿಸಿಲಿ ಸಾಂಡರ್ಸರು, ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದೂ ಸಂಬಂಧಗಳದೂ ಹೌದೆಂದು ಹೇಳಿದರು. ಹಾಗಾದರೆ ದಾಂಪತ್ಯವನ್ನು ಶುಶ್ರೂಷೆಯಿಂದ ಹೊರಗಿಡುವುದು ಸರಿಯೆ? ನಮ್ಮಜ್ಜ ಹಾಸಿಗೆ ಹಿಡಿದಾಗ ನೆಂಟರೆದುರು ಅವರ ಕೈ ಹಿಡಿಯಲೂ ನಾಚಿ ಅಜ್ಜಿ ಬಾಗಿಲ ಬಳಿಯೇ ಕುಳಿತಿರುತ್ತಿದ್ದರು.

ಕಾಮವೆಂದರೆ ಸಂಭೋಗವೊಂದೇ ಅಲ್ಲ. ಸ್ಪರ್ಶ, ಅಪ್ಪುಗೆ, ಪಕ್ಕದಲ್ಲಿ ಮಲಗುವುದೂ ಅದರಲ್ಲಿ ಸೇರಿವೆ. ಕಾಮಸಂಬಂಧವಾದ ತೊಂದರೆಗಳ ಚಿಕಿತ್ಸೆಗೆ 1976ರಲ್ಲಿ ಮನಶ್ಶಾಸ್ತ್ರಜ್ಞ ಜಾಕ್ ಆನನ್ ಸೂಚಿಸಿದ ಕ್ರಮದ ಮೊದಲ ಮೆಟ್ಟಿಲು ಅನುಮತಿ. ಎಂದರೆ, ಈ ವಿಷಯವನ್ನು ಮಾತನಾಡಬಹುದೆಂದು ರೋಗಿಗೆ ತಿಳಿಯಪಡಿಸುವುದು. ಆ ಮಾತನ್ನು ದಾದಿಯೇ ಮೊದಲು ತೆಗೆಯಬೇಕು. ಮಿಕ್ಕದ್ದು ಸುಲಭ: ನೋವಿನ ಔಷಧಿಯನ್ನು ವೇಳೆಯರಿತು ಕೊಡುವುದು, ಮಂಚಗಳನ್ನು ಜೋಡಿಸುವುದು, ಕದ ತಟ್ಟಿ ಒಳಬರುವುದು. ಇಬ್ಬರ ಒಪ್ಪಿಗೆಯೂ ಅವಶ್ಯಕ. ರೋಗಿಯಾದ ಮಾತ್ರಕ್ಕೆ ಗಂಡ ಗಂಡನಲ್ಲದೆ, ಹೆಂಡತಿ ಹೆಂಡತಿಯಲ್ಲದೆ ಹೋಗುವುದಿಲ್ಲವಷ್ಟೆ!