ಶುಶ್ರೂಷಾ ವಿದ್ಯಾರ್ಥಿ ಮತ್ತು ಆರೈಕೆಯ ಉದ್ಯೋಗ

ಹಳ್ಳಿಯ ಶಾಲೆಯಿಂದ ಹೊರಟು ಪಟ್ಟಣದ ಶುಶ್ರೂಷಾ ಕಾಲೇಜನ್ನು ಸೇರುವ ಅನೇಕ ವಿದ್ಯಾರ್ಥಿಗಳಿಗೆ ಶುಲ್ಕ, ವಸತಿ, ಸಮವಸ್ತ್ರಗಳ ವೆಚ್ಚವನ್ನು ತೂಗಿಸಲು ಮನೆಯಿಂದ ಬರುವ ಹಣ ಸಾಲುವುದಿಲ್ಲ. ಆಗ ಮೊದಲು ಕಣ್ಣಿಗೆ ಬೀಳುವುದು ರೋಗಿಗಳ ಅಥವಾ ವೃದ್ಧರ ಆರೈಕೆಯ ಕೆಲಸ. ಓದುವುದೂ ಅದೇ, ದುಡಿಯುವುದೂ ಅದೇ ಆದುದರಿಂದ ಒಂದಕ್ಕೊಂದು ಪೂರಕವೆಂದು ಮೇಲುನೋಟಕ್ಕೆ ತೋರುವುದು ಸಹಜ. ಪೂರಕವಾಗುವುದೂ ಉಂಟು. ಆದರೆ ಆ ಕೆಲಸ ಯಾರ ಕಣ್ಣೆದುರಿನಲ್ಲಿ ನಡೆಯುತ್ತದೆ ಎಂಬುದನ್ನು ಅದು ಅವಲಂಬಿಸಿದೆ.

ವ್ಯಾಸಂಗದ ಬೇಡಿಕೆಯನ್ನು ಮೊದಲು ಅರಿಯಬೇಕು. ೧೯೪೭ರ ಅಧಿನಿಯಮದಿಂದ ಸ್ಥಾಪಿತವಾದ ಭಾರತೀಯ ಶುಶ್ರೂಷಾ ಪರಿಷತ್ತಿನ ಪಠ್ಯಕ್ರಮದಂತೆ ಜಿ.ಎನ್.ಎಂ. ೩ ವರ್ಷಗಳದು, ಬಿ.ಎಸ್ಸಿ. ನರ್ಸಿಂಗ್ ೪ ವರ್ಷಗಳದು. ಪರೀಕ್ಷೆಗೆ ಕೂಡಲು ಶೇಕಡಾ ೮೦ರಷ್ಟು ಹಾಜರಿ ಬೇಕು. ಪದವಿ ಕೈಸೇರುವ ಮುನ್ನ ಪ್ರಾಯೋಗಿಕ ಅಭ್ಯಾಸದಲ್ಲಿ ಪೂರ್ಣ ೧೦೦ ಆಗಿರಬೇಕು. ತಪ್ಪಿದ ವಾರ್ಡಿನ ದಿನವನ್ನು ಮತ್ತೆ ತುಂಬಿಕೊಡದೆ ಗತ್ಯಂತರವಿಲ್ಲ. ಹೊರಗೆ ದುಡಿದ ಗಂಟೆಗಳು ಈ ಲೆಕ್ಕಕ್ಕೆ ಜಮೆಯಾಗುವುದಿಲ್ಲವೆಂಬುದನ್ನು ಅನೇಕರು ತಡವಾಗಿ ತಿಳಿಯುತ್ತಾರೆ.

ಸುಲಭವಾಗಿ ದೊರೆಯುವುದು ಮನೆಗಳಲ್ಲಿ ರೋಗಿಯನ್ನು ನೋಡಿಕೊಳ್ಳುವ ರಾತ್ರಿಪಾಳಿ. ಏಜೆನ್ಸಿಯವರು ೧೨ ಗಂಟೆಯ ಪಾಳಿಗೆ ಕಳುಹಿಸುತ್ತಾರೆ. ರೋಗಿ ನಿದ್ರಿಸಿದರೆ ತಾನೂ ಓದಿಕೊಳ್ಳಬಹುದೆಂದು ವಿದ್ಯಾರ್ಥಿನಿ ಎಣಿಸುತ್ತಾಳೆ. ಲಕ್ವ ಹೊಡೆದು ಮಲಗಿದವರ ಮಗ್ಗುಲನ್ನು ಸುಮಾರು ೨ ಗಂಟೆಗೊಮ್ಮೆ ಬದಲಿಸಬೇಕು. ಇಲ್ಲವಾದರೆ ಹಾಸಿಗೆ ಹುಣ್ಣಾಗುತ್ತದೆ. ಹಿಮ್ಮಡಿ, ಸೊಂಟದ ಕೆಳಭಾಗ, ತೊಡೆಯ ಸಂದಿನ ಎಲುಬಿನ ಮೇಲೆ ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸದಿದ್ದರೆ ಹುಣ್ಣು ಆರಂಭವಾಯಿತೆಂದೇ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಾಣದೆಯೂ ಹೋಗಬಹುದು; ಬಿಸಿಯನ್ನೂ ಗಡಸುತನವನ್ನೂ ಮುಟ್ಟಿ ನೋಡಬೇಕಾಗುತ್ತದೆ. ಇದನ್ನು ಪುಸ್ತಕ ಹೇಳುತ್ತದೆ, ಬೆರಳು ಮಾತ್ರ ಕಲಿಯುತ್ತದೆ. ಆದರೆ ಆ ಮನೆಯಲ್ಲಿ ಬೆರಳು ತಪ್ಪಿದುದನ್ನು ತಿದ್ದುವವರು ಯಾರು? ರಾತ್ರಿ ೨ ಗಂಟೆಗೆ ಅಲ್ಲಿರುವುದು ನಿದ್ದೆಗಣ್ಣಿನ ಮನೆಮಂದಿ ಮಾತ್ರ. ಅಪರಿಚಿತರ ಮನೆಯಲ್ಲಿ ಒಂಟಿಯಾಗಿರುವ ಹುಡುಗಿಯ ಸುರಕ್ಷತೆಯ ಪ್ರಶ್ನೆಯೂ ಸಣ್ಣದಲ್ಲ.

ಇದಕ್ಕಿಂತ ದೊಡ್ಡ ಅಪಾಯ ವಿಶ್ವಾಸದ ರೂಪದಲ್ಲಿ ಬರುತ್ತದೆ. "ನೀನು ನರ್ಸಿಂಗ್ ಓದ್ತಾ ಇದ್ದೀಯಲ್ಲಮ್ಮ, ಇನ್ಸುಲಿನ್ ನೀನೇ ಹಾಕಿಬಿಡು" ಎಂದು ಮನೆಯ ಹಿರಿಯರು ಅಕ್ಕರೆಯಿಂದಲೇ ಹೇಳುತ್ತಾರೆ. ವ್ಯಾಸಂಗ ಮುಗಿಸಿ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗುವವರೆಗೂ ಆಕೆ ದಾದಿಯಲ್ಲ. ಪ್ರಮಾಣ ಹೆಚ್ಚಾಗಿ ರೋಗಿಯ ಸಕ್ಕರೆ ಕುಸಿದರೆ ಪ್ರಾಣಕ್ಕೇ ಕುತ್ತು. ಆಕೆಯ ಓದಿಗೂ ಅಲ್ಲಿಗೆ ಧಕ್ಕೆ. ಸಿಬ್ಬಂದಿ ಕಡಿಮೆಯಿರುವ ಸಣ್ಣ ನರ್ಸಿಂಗ್ ಹೋಂಗಳಲ್ಲಿಯೂ ಇದೇ ಆಮಿಷವುಂಟು. ಆಯಾ ಕೆಲಸಕ್ಕೆಂದು ಸೇರಿದವಳ ಕೈಗೆ ವಾರ ಕಳೆಯುವುದರೊಳಗೆ ಡ್ರಿಪ್ಪಿನ ಸೂಜಿ ಬಂದಿರುತ್ತದೆ. ಅದನ್ನು ಅನುಭವವೆಂದು ಹೆಮ್ಮೆಪಡುವುದು ಸಲ್ಲದು.

ಅನುಭವೀ ದಾದಿಯೊಬ್ಬರು ಪಾಳಿಯುದ್ದಕ್ಕೂ ಇರುವ ವೃದ್ಧಾಶ್ರಮ ಅಥವಾ ಉಪಶಾಮಕ ಆರೈಕೆಯ ಕೇಂದ್ರ, ಸಂಬಳ ತುಸು ಕಡಿಮೆಯಾದರೂ, ವಿದ್ಯಾರ್ಥಿಗೆ ಹೆಚ್ಚು ಯೋಗ್ಯವಾದ ಸ್ಥಳ. ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಈ ಬಗೆಯ ಆರೈಕೆಯನ್ನು ನಾಡಿಗೆ ಪರಿಚಯಿಸಿವೆ. ಇಂತಹ ಕಡೆ ನುಂಗಲು ಕಷ್ಟಪಡುವವರನ್ನು ನೆಟ್ಟಗೆ ಕೂರಿಸಿ, ಸಣ್ಣ ಚಮಚೆಯಲ್ಲಿ ನಿಧಾನವಾಗಿ ಉಣಿಸಿ, ಉಂಡಮೇಲೂ ಅರ್ಧ ಗಂಟೆ ಮಲಗಿಸದೆ ಕಾಯುವುದನ್ನು ಕಲಿಯಬಹುದು. ಆತುರಪಟ್ಟರೆ ಅನ್ನ ಶ್ವಾಸನಾಳಕ್ಕೆ ಇಳಿಯುತ್ತದೆಂಬ ಎಚ್ಚರವನ್ನು ಪಕ್ಕದಲ್ಲಿ ನಿಂತವರು ಹೇಳಿಕೊಡುತ್ತಾರೆ. ಸಂಜೆಯಾಗುತ್ತಲೇ ಮರೆವಿನ ಕಾಯಿಲೆಯವರಲ್ಲಿ ತಳಮಳ ಹೆಚ್ಚುವುದನ್ನು ಹಲವು ದಿನ ನೋಡಿದವರಿಗೆ ಮುಂದೆ ವಾರ್ಡಿನಲ್ಲಿ ಗಾಬರಿಯಾಗುವುದಿಲ್ಲ.

ಕೆಲಸ ಒಪ್ಪುವ ಮುನ್ನ ವಿದ್ಯಾರ್ಥಿ ಕೇಳಬೇಕಾದುದು ಸಂಬಳವನ್ನಷ್ಟೇ ಅಲ್ಲ. ರಾತ್ರಿ ಮೇಲ್ವಿಚಾರಣೆಗೆ ಯಾರಿರುತ್ತಾರೆ, ಯಾವ ಕೆಲಸವನ್ನು ತನಗೆ ಹೇಳಕೂಡದು, ಪರೀಕ್ಷೆಯ ತಿಂಗಳಲ್ಲಿ ಬಿಡುವು ದೊರೆಯುವುದೇ ಎಂಬುದು ಮೊದಲೇ ಇತ್ಯರ್ಥವಾಗಿ, ಸಾಧ್ಯವಾದರೆ ಬರೆಹದಲ್ಲಿರಬೇಕು. ಮೊದಲ ವರ್ಷ ಯಾವ ಕೆಲಸವನ್ನೂ ಹಿಡಿಯದೆ, ಅನಂತರವೂ ರಜೆಯ ವಾರಗಳಿಗೆ ಸೀಮಿತಗೊಳಿಸಿಕೊಳ್ಳುವುದು ಲೇಸು. ರಾತ್ರಿಯಿಡೀ ಎಚ್ಚರಿದ್ದು ಬೆಳಿಗ್ಗೆ ವಾರ್ಡಿಗೆ ಬಂದವರ ಕೈಯಲ್ಲಿ ಔಷಧದ ತಟ್ಟೆಯನ್ನು ಕೊಡಲು ಯಾವ ಬೋಧಕರೂ ಇಚ್ಛಿಸರು.

ಆದರೆ ನಾಳೆಯೇ ವಸತಿಶುಲ್ಕ ಕಟ್ಟಬೇಕಾದವಳಿಗೆ ಆರಿಸಿಕೊಳ್ಳುವ ಸ್ವಾತಂತ್ರ್ಯವೆಲ್ಲಿಯದು? ಪ್ರವೇಶದ ಸಮಯದಲ್ಲಿ ನೆರವಾಗುವ ದಾನಿಗಳು ಉದಾರಿಗಳೇ ಸರಿ. ಕೊರತೆ ಕಾಡುವುದು ಮಾತ್ರ ಎರಡನೆಯ ವರ್ಷದ ನಡುವೆ, ಪರೀಕ್ಷಾ ಶುಲ್ಕವೂ ಊಟದ ಬಾಕಿಯೂ ಒಟ್ಟಿಗೆ ಬಂದಾಗ. ಆ ತಿಂಗಳಿಗೆಂದು ಸಣ್ಣ ಮೊತ್ತವೊಂದು ಮೀಸಲಿದ್ದರೆ ಆಕೆ ಸಲ್ಲದ ಕೆಲಸವನ್ನು ನಿರಾಕರಿಸಬಲ್ಲಳು. ಆಸ್ಪತ್ರೆಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳಿಗಂತೂ ಹಣಕ್ಕಿಂತ ಬೆಲೆಯುಳ್ಳ ಮಾಹಿತಿ ತಿಳಿದಿರುತ್ತದೆ: ಎಲ್ಲಿ ಹಿರಿಯ ದಾದಿ ರಾತ್ರಿಯೂ ಎದ್ದಿರುತ್ತಾರೆ, ಎಲ್ಲಿ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇರುತ್ತದೆ ಎಂಬುದು. ಕೆಲಸ ಹುಡುಕುತ್ತಿರುವ ಕಿರಿಯರಿಗೆ ಅದನ್ನು ತಿಳಿಸಲು ಒಂದು ದೂರವಾಣಿ ಕರೆ ಸಾಕು.