ಸಹಿ ಹಾಕುವ ಮುನ್ನ, ಹಾಕಿದ ಮೇಲೆ

ಮನೆ ಕಟ್ಟಲು, ಮಗಳ ಕಾಲೇಜು ಫೀಸಿಗೆ, ಆಸ್ಪತ್ರೆ ಬಿಲ್ಲಿಗೆ ಸಾಲ ಮಾಡದ ಸಂಸಾರ ನಮ್ಮಲ್ಲಿ ಅಪರೂಪ. ಸಾಲ ಮಾಡಿದ್ದಕ್ಕೆ ಯಾರೂ ತಲೆ ತಗ್ಗಿಸಬೇಕಿಲ್ಲ. ಆದರೆ ಲೆಕ್ಕ ಕೇಳಲು ಸಂಕೋಚಪಟ್ಟು ಮಾಡಿದ ಸಾಲ ಮನೆ ಮುರಿಯುತ್ತದೆ. ಲೆಕ್ಕ ಕೇಳುವುದು ನಿಮ್ಮ ಹಕ್ಕು.

1. ಬಡ್ಡಿಯನ್ನು ವರ್ಷದ ಲೆಕ್ಕದಲ್ಲೇ ಕೇಳಿ. ‘ನೂರಕ್ಕೆ ಮೂರು’ ಅಂದರೆ ಮೂರೇ ರೂಪಾಯಿ ತಾನೇ ಅನಿಸುತ್ತದೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ಶೇ 36. ನೂರಕ್ಕೆ ಐದಾದರೆ ಶೇ 60. ‘ಫ್ಲ್ಯಾಟ್ ಬಡ್ಡಿ’ ಎಂಬ ಮಾತು ಕಿವಿಗೆ ಬಿದ್ದರೆ ಇನ್ನಷ್ಟು ಎಚ್ಚರ ಬೇಕು. ಒಂದೇ ವರ್ಷದಲ್ಲಿ ತೀರಿಸಬೇಕಾದ ಒಂದು ಲಕ್ಷ ರೂಪಾಯಿಗೆ ಶೇ 12ರ ಫ್ಲ್ಯಾಟ್ ಬಡ್ಡಿಯಾದರೆ, 12 ಸಾವಿರ ಬಡ್ಡಿ. ತಿಂಗಳ ಕಂತು 9,333 ರೂಪಾಯಿ. ಅಸಲು ತಿಂಗಳು ತಿಂಗಳೂ ತೀರುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೇ ಬೀಳುತ್ತದೆ. ಉಳಿದ ಅಸಲಿಗಷ್ಟೇ ಬಡ್ಡಿ ಹಾಕುವ ಕ್ರಮದಲ್ಲಿ ಅದೇ ಶೇ 12ಕ್ಕೆ ಕಂತು 8,885; ಒಟ್ಟು ಬಡ್ಡಿ 6,600ರ ಆಸುಪಾಸು. ಹೇಳುವ ದರ ಒಂದೇ, ಕೊಡುವ ಬಡ್ಡಿ ಹೆಚ್ಚುಕಡಿಮೆ ಎರಡು ಪಟ್ಟು.

2. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕ್, ಫೈನಾನ್ಸ್ ಕಂಪನಿಗಳು ಹೊಸ ವೈಯಕ್ತಿಕ ಸಾಲಗಳಿಗೆ ಈ ಪತ್ರ ಕೊಡಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸಂಸ್ಕರಣಾ ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬುದು ಅದರಲ್ಲಿರುತ್ತದೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳಿ, ಮನೆಗೆ ತಂದು ಓದಿ, ಆಮೇಲೆ ಸಹಿ.

3. ಖಾಲಿ ಚೆಕ್ಕಿಗೆ, ಖಾಲಿ ಬಾಂಡ್ ಪೇಪರಿಗೆ ಸಹಿ ಹಾಕಬೇಡಿ. ಎಷ್ಟೇ ತುರ್ತಿದ್ದರೂ.

4. ಜಾಮೀನು ಬರೀ ಸಹಿಯಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಭಾವಮೈದುನ ಕಟ್ಟದಿದ್ದರೆ ನೀವು ಕಟ್ಟಬೇಕು. ಕಟ್ಟುವ ಶಕ್ತಿ ಇಲ್ಲವೆಂದರೆ ಇಲ್ಲವೆನ್ನಿ. ನಾಲ್ಕು ದಿನದ ಮುನಿಸು ನಾಲ್ಕು ವರ್ಷದ ಕಂತಿಗಿಂತ ವಾಸಿ.

5. ಕ್ರೆಡಿಟ್ ಕಾರ್ಡಿನ ‘ಮಿನಿಮಮ್ ಡ್ಯೂ’ ನಂಬಬೇಡಿ. 50 ಸಾವಿರ ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಎಂದುಕೊಳ್ಳಿ. ಬಡ್ಡಿ 1,750, ಅದರ ಮೇಲೆ ಜಿಎಸ್‌ಟಿ 315. ನೀವು ಕನಿಷ್ಠ ಮೊತ್ತವೆಂದು 2,500 ಕಟ್ಟಿದರೆ ಅಸಲಿಗೆ ಹೋಗುವುದು 435 ರೂಪಾಯಿ ಮಾತ್ರ.

6. ಈಗಾಗಲೇ ಸಾಲ ಹೆಚ್ಚಾಗಿದ್ದರೆ, ಇವತ್ತೇ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಯಿರಿ. ಯಾರಿಗೆ, ಎಷ್ಟು ಬಾಕಿ, ವರ್ಷದ ಬಡ್ಡಿ ಎಷ್ಟು, ಕಂತು ಯಾವತ್ತು. ಸಂಘದ ಸಾಲ, ಅಂಗಡಿಯ ಉದ್ರಿ, ತಂಗಿಯ ಹತ್ತಿರ ಪಡೆದ ಕೈಸಾಲ ಯಾವುದನ್ನೂ ಬಿಡಬೇಡಿ. ಸೋಮವಾರ ಒಂದು ಸಂಘದ ಕಂತು, ಬುಧವಾರ ಇನ್ನೊಂದರದು. ಒಂದನ್ನು ತೀರಿಸಲು ಮತ್ತೊಂದರಲ್ಲಿ ಎತ್ತುವ ಮನೆಗಳಲ್ಲಿ ಒಟ್ಟು ಸಾಲ ಎಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲ. ಎಲ್ಲ ಕಂತುಗಳನ್ನೂ ನಿಯಮದಂತೆ ಕಟ್ಟಿ, ಮಿಕ್ಕ ದುಡ್ಡನ್ನು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕಿ. ಜೋರು ಮಾಡುವವನಿಗೆ ಮೊದಲು ಕೊಡುವುದು ನಮ್ಮ ಅಭ್ಯಾಸ. ಅದನ್ನು ಬಿಡಬೇಕು.

7. ಪೆಟ್ಟಿಗೆಯಲ್ಲಿ ಚಿನ್ನವಿಟ್ಟುಕೊಂಡು ನೂರಕ್ಕೆ ಐದರ ಬಡ್ಡಿ ಕಟ್ಟುವುದು ತಪ್ಪು ಲೆಕ್ಕ. ಬ್ಯಾಂಕಿನಲ್ಲಿ ಅಡವಿಟ್ಟು ದುಬಾರಿ ಸಾಲ ತೀರಿಸಿ. ಒಡವೆ ಅಡವಿಡುವುದೆಂದರೆ ಅವಮಾನ ಎಂಬ ಭಾವನೆ ಇದೆ, ಅರ್ಥವಾಗುತ್ತದೆ. ಆದರೆ ಅಡವಿಟ್ಟ ಸರ ಬಿಡಿಸಿಕೊಳ್ಳಬಹುದು, ಬಡ್ಡಿಗೆ ಹೋದ ದುಡ್ಡು ವಾಪಸ್ ಬರುವುದಿಲ್ಲ. ಬಿಡಿಸುವ ತಾರೀಕು ಗೊತ್ತುಮಾಡಿಕೊಂಡೇ ಇಡಿ.

8. ಕಂತು ತಪ್ಪುತ್ತದೆ ಎಂದು ಗೊತ್ತಾದ ಕೂಡಲೇ ನೀವೇ ಶಾಖೆಗೆ ಹೋಗಿ. ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಫೋನ್ ಸ್ವಿಚ್ ಆಫ್ ಮಾಡಿ ಕೂತರೆ ದಾರಿಗಳೆಲ್ಲ ಮುಚ್ಚುತ್ತವೆ.

9. ವಸೂಲಿಗೆ ಬರುವವರಿಗೂ ಮಿತಿಯಿದೆ. ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಬ್ಯಾಂಕಿನ ಏಜೆಂಟರು ಬಾಕಿಗಾಗಿ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನೆಂಟರ ಮುಂದೆ ಮಾನ ಕಳೆಯುವಂತಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು, ಮಾಹಿತಿಗೆ 14448. ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಜೀವಗಳೇ ಹೋದ ಮೇಲೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು; ಆಮೇಲೆ ಅದೇ ಕಾಯ್ದೆಯಾಯಿತು. ಅದರ ಪ್ರಕಾರ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ.

10. ಮನೆಯವರಿಂದ ಮುಚ್ಚಿಡಬೇಡಿ. ಮುಚ್ಚಿಟ್ಟ ಸಾಲವನ್ನು ಒಬ್ಬರೇ ಹೊರಬೇಕು, ಮತ್ತೆ ಮತ್ತೆ ಸಾಲ ಮಾಡಿಯೇ ಹೊರಬೇಕು. ಹೆಂಡತಿಯೋ ಗಂಡನೋ ಬೆಳೆದ ಮಕ್ಕಳೋ, ಯಾರಿಗಾದರೂ ಸಾಲಗಳನ್ನು ಬರೆದಿಟ್ಟ ಆ ಹಾಳೆಯನ್ನು ತೋರಿಸಿ. ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.