ಆಕಳಿನ ಕ್ಷಯ ಮನೆಯವರಿಗೂ ಬಂತೇ?

ಪ್ರಶ್ನೆ: ನಮ್ಮ ಜರ್ಸಿ ಆಕಳಿಗೆ ಟಿ.ಬಿ. ಇದೆಯೆಂದು ಪಶುವೈದ್ಯರು ಹೇಳಿದ್ದಾರೆ. ಅತ್ತೆಯವರಿಗೂ ಟಿ.ಬಿ. ಚಿಕಿತ್ಸೆ ನಡೆದಿದೆ. ಇದು ಆಕಳಿಂದಲೇ ಬಂದದ್ದೇ?
– ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ಅಕ್ಕಾ, ಈಗಲೇ ಆಕಳನ್ನು ದೂರಬೇಡಿ. ಮನುಷ್ಯರಿಗೆ ಕ್ಷಯ ಬಹುಪಾಲು ಮನುಷ್ಯರಿಂದಲೇ ಬರುತ್ತದೆ. ಮನುಷ್ಯರಿಂದ ದನಕ್ಕೆ ತಗಲುವುದೂ ಉಂಟು.

ಆಕಳಿನ ಕುತ್ತಿಗೆಗೆ ಚುಚ್ಚಿ, 72 ಗಂಟೆಯ ನಂತರ ಚರ್ಮದ ದಪ್ಪ ಅಳೆಯುವ ಪರೀಕ್ಷೆ ಸೋಂಕಿನ ಸುಳಿವನ್ನಷ್ಟೇ ಕೊಡುತ್ತದೆ. ರೋಗಾಣು ಯಾವುದೆಂದು ತಿಳಿಯಲು ವಂಶವಾಹಿ ಪರೀಕ್ಷೆ ಬೇಕು. ಸ್ಪಾಲಿಗೋಟೈಪಿಂಗ್ ಎಂಬ ವಿಧಾನದಲ್ಲಿ ರೋಗಾಣುವಿನ ಡಿಎನ್‌ಎಯ 43 ತುಣುಕುಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂದು ನೋಡುತ್ತಾರೆ. ದನಗಳ ಕ್ಷಯದ ರೋಗಾಣುವಾದ ಮೈಕೋಬ್ಯಾಕ್ಟೀರಿಯಂ ಬೋವಿಸ್‌ನಲ್ಲಿ 39ರಿಂದ 43ರವರೆಗಿನ ತುಣುಕುಗಳು ಇರುವುದಿಲ್ಲ. ನಮ್ಮ ದೇಶದ ದನಗಳಲ್ಲಿ ಓರಿಗಿಸ್ ಎಂಬ ಇನ್ನೊಂದು ರೋಗಾಣುವೂ ಸಿಕ್ಕಿದೆ. ಅತ್ತೆಯವರ ಮತ್ತು ಆಕಳಿನ ರೋಗಾಣುಗಳ ಮಾದರಿ ಹೊಂದಿದರೆ ನಂಟಿನ ಅನುಮಾನ ಬಲವಾಗುತ್ತದೆ. ಯಾರಿಂದ ಯಾರಿಗೆ ಎಂಬುದು ಅದೊಂದರಿಂದಲೇ ತೀರ್ಮಾನವಾಗದು.

ರೋಗಾಣು ಯಾವುದೆಂಬುದು ಚಿಕಿತ್ಸೆಗೂ ಮುಖ್ಯ. ಬೋವಿಸ್‌ಗೆ ಕ್ಷಯದ ಪೈರಾಜಿನಮೈಡ್ ಮಾತ್ರೆ ನಾಟುವುದಿಲ್ಲ. ಆದ್ದರಿಂದ ಆಕಳಿನ ವಿಷಯವನ್ನು ಅತ್ತೆಯವರ ವೈದ್ಯರಿಗೆ ಇಂದೇ ತಿಳಿಸಿ. ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಮನೆಮಂದಿಯೆಲ್ಲ ತಪಾಸಣೆ ಮಾಡಿಸಿಕೊಳ್ಳಿ.

ಆ ಆಕಳನ್ನು ಬೇರೆ ಕಟ್ಟಿ. ಅದರ ಹಾಲನ್ನು ಬಳಸಬೇಡಿ, ಡೇರಿಗೂ ಹಾಕಬೇಡಿ, ಕರುವಿಗೂ ಕುಡಿಸಬೇಡಿ. ಉಳಿದ ದನಗಳ ಹಾಲನ್ನು ಚೆನ್ನಾಗಿ ಉಕ್ಕಿಸಿಯೇ ಕುಡಿಯಿರಿ. ಹಸಿ ಹಾಲು, ಗಿಣ್ಣದ ಹಾಲು ಬೇಡ. ಕೊಟ್ಟಿಗೆಯ ಎಲ್ಲ ದನಗಳಿಗೂ ಪರೀಕ್ಷೆ ಮಾಡಿಸಿ. ರೋಗದ ಆಕಳನ್ನು ಸಂತೆಗೆ ಒಯ್ದು ಮಾರಿದರೆ ಗಂಗಾವತಿಯದೋ ಯಲಬುರ್ಗಾದದೋ ಇನ್ನೊಂದು ಕೊಟ್ಟಿಗೆಗೆ ರೋಗ ಕೊಟ್ಟಂತೆ. ದಯವಿಟ್ಟು ಆ ಕೆಲಸ ಮಾಡಬೇಡಿ.